ಮನೆಯಲ್ಲೇ ನೀರಿನ ತೊಟ್ಟಿಯಲ್ಲಿ ಹೆರಿಗೆ: ಚೊಚ್ಚಲ ತಾಯಿ ಇದನ್ನು ಎಷ್ಟು ನಂಬಬಹುದು?

ಮಂದ ಬೆಳಕಿನ ಕೋಣೆ. ಗಾಳಿ ತುಂಬಿದ ದೊಡ್ಡ ತೊಟ್ಟಿಯಲ್ಲಿ ಬೆಚ್ಚಗಿನ ನೀರು. ಅದರಲ್ಲಿ ಕಣ್ಣು ಮುಚ್ಚಿ ಕುಳಿತ ತುಂಬು ಗರ್ಭಿಣಿ, ಪಕ್ಕದಲ್ಲಿ ಗಂಡ. ಸ್ವಲ್ಪ ಹೊತ್ತಿನಲ್ಲಿ ಮಗು ನೀರಿನಿಂದ ಮೇಲೆದ್ದು ತಾಯಿಯ ಎದೆ ಸೇರುತ್ತದೆ. ಕೆಳಗೊಂದು ಸಾಲು: ‘ನೋವಿಲ್ಲ, ಸೂಜಿಯಿಲ್ಲ, ಆಪರೇಷನ್ ಇಲ್ಲ. ನಮ್ಮ ಹಿರಿಯರೂ ಮನೆಯಲ್ಲೇ ಹೆತ್ತರು. ಎಲ್ಲ ಗರ್ಭಿಣಿಯರಿಗೂ ಕಳಿಸಿ.’

ಇಂಥ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ನೋಡಿದ ತಕ್ಷಣ ಮನೆಯಲ್ಲಿರುವ ಗರ್ಭಿಣಿಗೆ ಕಳಿಸಬೇಕು ಅನ್ನಿಸುವುದೂ ಸಹಜ. ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯಂಥ ಊರನ್ನೇ ನೆನೆಯಿರಿ. ಏಳನೇ ತಿಂಗಳಿಗೆ ಕುಬಸ ಮುಗಿಸಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಹುಡುಗಿ. ಒಂದು ಕಡೆ ಅವ್ವ, ಅಜ್ಜಿ ಹೇಳುವ ಹಳೆಯ ಕಥೆಗಳು. ಇನ್ನೊಂದು ಕಡೆ ಆಸ್ಪತ್ರೆ ಬಗ್ಗೆ ಕೇಳಿದ ಭಯದ ಮಾತುಗಳು. ಮಧ್ಯದಲ್ಲಿ ಈ ವಿಡಿಯೋ. ‘ವೈನಿ, ಇದನ್ನ ನೋಡ್ರಿ, ನೋವೇ ಇಲ್ಲಂತ’ ಎಂದು ಅವಳು ತೋರಿಸಿದರೆ ಮನೆಯವರು ಏನು ಹೇಳಬೇಕು?

ಚುಟುಕಾಗಿ ಹೇಳುವುದಾದರೆ, ಬೆಚ್ಚಗಿನ ನೀರು ಹೆರಿಗೆ ನೋವನ್ನು ತಾಳಿಕೊಳ್ಳಲು ನೆರವಾಗುತ್ತದೆ ಎಂಬುದು ನಿಜ. ನೋವೇ ಇರುವುದಿಲ್ಲ ಎಂಬುದು ಸುಳ್ಳು. ನೀರಿನಲ್ಲಿ ಹೆತ್ತರೆ ಮಗು ಮುಳುಗಿಯೇ ಬಿಡುತ್ತದೆ ಎಂಬುದೂ ತಪ್ಪು. ಆದರೆ ತರಬೇತಿ ಪಡೆದ ಸೂಲಗಿತ್ತಿ ಇಲ್ಲದೆ, ಆಸ್ಪತ್ರೆಯಿಂದ ದೂರದ ಮನೆಯಲ್ಲಿ, ಚೊಚ್ಚಲ ತಾಯಿ ಹೀಗೆ ಹೆರುವುದು ಅಪಾಯ. ಹೆರಿಗೆಯಲ್ಲಿ ಜೀವ ತೆಗೆಯುವುದು ನೋವಲ್ಲ, ರಕ್ತಸ್ರಾವ. ಅದಕ್ಕೆ ನೀರಿನಲ್ಲಿ ಮದ್ದಿಲ್ಲ. ಒಂದೊಂದಾಗಿ ನೋಡೋಣ.

ಚೊಚ್ಚಲ ಬ್ಯಾನಿ ಎಷ್ಟು ಹೊತ್ತಿನದು?

ವಿಡಿಯೋ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಚೊಚ್ಚಲ ಹೆರಿಗೆ ಹಾಗೆ ಮುಗಿಯುವುದಿಲ್ಲ.

ದಿನ ತುಂಬುತ್ತಿದ್ದಂತೆ ಹೊಟ್ಟೆ ಆಗಾಗ ಕಲ್ಲಿನಂತೆ ಬಿಗಿಯಾಗಿ ಸಡಿಲವಾಗುತ್ತದೆ. ಎದ್ದು ಓಡಾಡಿದರೆ, ನೀರು ಕುಡಿದು ಮಲಗಿದರೆ ಹೋಗಿಬಿಡುತ್ತದೆ. ಇದು ಸುಳ್ಳು ಬ್ಯಾನಿ. ನಿಜವಾದ ಬ್ಯಾನಿ ಏನು ಮಾಡಿದರೂ ನಿಲ್ಲುವುದಿಲ್ಲ. ಬರಬರುತ್ತ ಹತ್ತಿರವಾಗುತ್ತದೆ, ಜೋರಾಗುತ್ತದೆ. ಕೆಲವರಿಗೆ ಸೊಂಟದಲ್ಲಿ ಶುರುವಾಗಿ ಹೊಟ್ಟೆಗೆ ಸುತ್ತಿಕೊಂಡು ಬರುತ್ತದೆ. ರಕ್ತ ಬೆರೆತ ಲೋಳೆ ಕಾಣಿಸಬಹುದು.

ಮೊದಲ ಹಂತದಲ್ಲಿ ಗರ್ಭಕೋಶದ ಬಾಯಿ ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಆರಂಭದ ಕೆಲವು ಸೆಂಟಿಮೀಟರ್ ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಒಬ್ಬೊಬ್ಬರಿಗೂ ಬೇರೆ. ಇಡೀ ಒಂದು ರಾತ್ರಿ ಹಿಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯ ಪ್ರಕಾರ 5 ಸೆಂಟಿಮೀಟರ್ ತೆರೆದ ಮೇಲೆ ಹೆರಿಗೆ ಚುರುಕಿನ ಹಂತಕ್ಕೆ ಬರುತ್ತದೆ. ಅಲ್ಲಿಂದ ಪೂರ್ತಿ ತೆರೆಯಲು ಚೊಚ್ಚಲ ತಾಯಿಗೆ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ, ಹಿಂದೆ ಹೆತ್ತವರಿಗೆ 10 ಗಂಟೆ ಮೀರುವುದಿಲ್ಲ. ಆಮೇಲೆ ಮುಕ್ಕುವ ಹಂತ. ಚೊಚ್ಚಲಿಗೆ ಇದು 3 ಗಂಟೆಯವರೆಗೂ ಹೋಗಬಹುದು. ಕೊನೆಯದು ಮಾಸು ಬೀಳುವ ಹಂತ.

ಈ ಲೆಕ್ಕ ಗೊತ್ತಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ. ‘ರಾತ್ರಿಯೆಲ್ಲಾ ಬ್ಯಾನಿ ತಿಂದರೂ ಕೂಸು ಬರವಲ್ದು’ ಎಂದು ಮನೆಯವರು ಗಾಬರಿಯಾಗುವುದು ಹೆಚ್ಚಾಗಿ ಚೊಚ್ಚಲ ಹೆರಿಗೆಯಲ್ಲೇ. ಬಾಯಿ ಪೂರ್ತಿ ತೆರೆಯುವ ಹೊತ್ತಿಗೆ ಮೈ ನಡುಗುವುದು, ವಾಂತಿಯಾಗುವುದು, ‘ನನ್ನಿಂದ ಆಗೂದಿಲ್ಲ’ ಎಂದು ಅಳುವುದು ಎಲ್ಲ ಇದ್ದದ್ದೇ. ಆ ಹೊತ್ತಿನಲ್ಲಿ ಅವಳಿಗೆ ಬೇಕಾದದ್ದು ಕೈ ಹಿಡಿಯುವ ಒಬ್ಬರು, ಹೆರಿಗೆ ಎಲ್ಲಿಗೆ ಬಂತು ಎಂದು ಹೇಳಬಲ್ಲ ಇನ್ನೊಬ್ಬರು.

ಆದರೆ ಗಾಬರಿಯಲ್ಲಿ ಮಾಡಬಾರದ ಕೆಲಸವೊಂದಿದೆ. ‘ಬ್ಯಾನಿ ಜೋರಾಗ್ಲಿ’ ಎಂದು ಮನೆಗೇ ಯಾರನ್ನೋ ಕರೆಸಿ ಸೂಜಿ ಹಾಕಿಸಬೇಡಿ. ಅಳತೆಯಿಲ್ಲದೆ ಕೊಟ್ಟ ಆಕ್ಸಿಟೋಸಿನ್‌ನಿಂದ ಗರ್ಭಕೋಶ ಬಿಡುವಿಲ್ಲದೆ ಹಿಂಡಿ ಮಗುವಿಗೆ ಆಮ್ಲಜನಕ ಕಡಿಮೆಯಾಗಬಹುದು, ಗರ್ಭಕೋಶವೇ ಹರಿಯಬಹುದು. ಹೊಟ್ಟೆಯ ಮೇಲಿಂದ ಒತ್ತಿ ಮಗುವನ್ನು ದೂಡುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ ಬೇಡ ಎನ್ನುತ್ತದೆ.

ಬೆಚ್ಚಗಿನ ನೀರು ನಿಜವಾಗಿ ಏನು ಮಾಡುತ್ತದೆ?

ನೀರಿನಲ್ಲಿ ಹೆರಿಗೆ ಇಂದಿನ ಇಂಟರ್ನೆಟ್ ಸೃಷ್ಟಿಯಲ್ಲ. ಫ್ರಾನ್ಸಿನ ಪಿತಿವಿಯೆ ಎಂಬ ಊರಿನ ಆಸ್ಪತ್ರೆಯಲ್ಲಿ ಮಿಶೆಲ್ ಓಡಾನ್ ಎಂಬ ವೈದ್ಯರು ಬ್ಯಾನಿ ತಿನ್ನುವ ತಾಯಂದಿರಿಗೆ ನೀರಿನ ತೊಟ್ಟಿ ಇಟ್ಟರು. 1983ರಲ್ಲಿ ಅದರ ಬಗ್ಗೆ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಬರೆದರು. ಆಗಿನಿಂದ ಯುರೋಪಿನಲ್ಲಿ ಇದು ಹರಡಿತು. ಇಂದು ನಮ್ಮ ದೊಡ್ಡ ನಗರಗಳ ಕೆಲವು ಖಾಸಗಿ ಆಸ್ಪತ್ರೆಗಳಲ್ಲೂ ಈ ಸೌಲಭ್ಯವಿದೆ.

ನೀರಿನಲ್ಲಿ ಮೈಭಾರ ಕಡಿಮೆ ಅನಿಸುತ್ತದೆ, ಹಾಗಾಗಿ ಹೊರಳುವುದು, ಮಂಡಿಯೂರುವುದು ಸುಲಭ. ಬಿಸುಪಿಗೆ ಬಿಗಿದ ಸ್ನಾಯು ಸಡಿಲವಾಗುತ್ತದೆ. ಇದರ ಬಗ್ಗೆ ನಡೆದ 15 ಪ್ರಯೋಗಗಳನ್ನು, ಒಟ್ಟು 3,663 ತಾಯಂದಿರ ಮಾಹಿತಿಯನ್ನು, 2018ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಒಟ್ಟಿಗೆ ಇಟ್ಟು ನೋಡಿತು. ಮೊದಲ ಹಂತದಲ್ಲಿ ನೀರಿನಲ್ಲಿ ಕುಳಿತವರಲ್ಲಿ ಬೆನ್ನಿಗೆ ಕೊಡುವ ನೋವು ನಿವಾರಕ ಚುಚ್ಚುಮದ್ದು ಕೇಳಿದವರು ನೂರಕ್ಕೆ ಸುಮಾರು 39. ನೀರಿಲ್ಲದೆ ಇದ್ದವರಲ್ಲಿ ಸುಮಾರು 43. ಹೆಚ್ಚುವರಿ ಹಾನಿ ಕಂಡುಬರಲಿಲ್ಲ.

ಅಂಕಿಗಳನ್ನು ಇನ್ನೊಮ್ಮೆ ನೋಡಿ. ಲಾಭ ಇದೆ, ಆದರೆ ಸಣ್ಣದು. ನೀರಿನಲ್ಲಿ ಕುಳಿತೂ ನೂರರಲ್ಲಿ 39 ಮಂದಿ ಚುಚ್ಚುಮದ್ದು ಬೇಕೆಂದರು. ಹಾಗಾದರೆ ‘ನೋವೇ ಇಲ್ಲ’ ಎಂಬ ಮಾತು ಎಲ್ಲಿಂದ ಬಂತು?

ಮಗು ನೀರಿನಲ್ಲಿ ಮುಳುಗುವುದಿಲ್ಲವೇ?

ಗರ್ಭದಲ್ಲಿರುವಾಗ ಮಗುವಿಗೆ ಆಮ್ಲಜನಕ ಬರುವುದು ಹೊಕ್ಕುಳಬಳ್ಳಿಯಿಂದ. ಅದರ ಶ್ವಾಸಕೋಶದಲ್ಲಿ ಇರುವುದು ದ್ರವ. ಹುಟ್ಟಿದ ಕೂಡಲೇ ಮುಖಕ್ಕೆ ಗಾಳಿ, ತಂಪು ತಾಗಿದಾಗ ಉಸಿರಾಟ ಶುರುವಾಗುತ್ತದೆ. ಹಾಗಾಗಿ ಆರೋಗ್ಯವಂತ ಮಗು ಬೆಚ್ಚಗಿನ ನೀರಿನಲ್ಲಿ ಹೊರಬಂದು ತಕ್ಷಣ ಮೇಲೆ ಬಂದರೆ ಸಾಮಾನ್ಯವಾಗಿ ನೀರು ಎಳೆದುಕೊಳ್ಳುವುದಿಲ್ಲ.

ಇಲ್ಲಿ ‘ಆರೋಗ್ಯವಂತ’ ಎಂಬ ಮಾತು ಮುಖ್ಯ. ಬ್ಯಾನಿಯ ಹೊತ್ತಿನಲ್ಲೇ ಆಮ್ಲಜನಕ ಕಡಿಮೆಯಾಗಿ ಸೋತ ಮಗು ನೀರಿನೊಳಗೇ ಉಸಿರು ಎಳೆಯಬಹುದು. ಮಗು ಸೋತಿದೆಯೇ ಎಂದು ಗೊತ್ತಾಗಲು ಯಾರಾದರೂ ಅದರ ಎದೆಬಡಿತವನ್ನು ಮತ್ತೆ ಮತ್ತೆ ಕೇಳುತ್ತಿರಬೇಕು. ಅದು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯುವ ಕೆಲಸವಲ್ಲ.

ತರಬೇತಿ ಪಡೆದವರು ಇದ್ದಾಗ ಏನಾಗುತ್ತದೆ? ಬ್ರಿಟನ್ನಿನಲ್ಲಿ ನಡೆದ ‘ಪೂಲ್’ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಬ್ಯಾನಿಯಲ್ಲಿ ನೀರಿನ ತೊಟ್ಟಿ ಬಳಸಿದ, ತೊಡಕಿಲ್ಲದ 73,229 ತಾಯಂದಿರ ದಾಖಲೆ ನೋಡಲಾಯಿತು. ಹೆರಿಗೆಗೆ ಮುಂಚೆ ನೀರಿನಿಂದ ಹೊರಬಂದವರಿಗೆ ಹೋಲಿಸಿದರೆ ನೀರಿನಲ್ಲೇ ಹೆತ್ತವರಲ್ಲಿ ತೀವ್ರ ಹರಿತವಾಗಲಿ, ಮಗುವಿನ ತೊಂದರೆಯಾಗಲಿ ಹೆಚ್ಚಿರಲಿಲ್ಲ. ಆದರೆ ಹೊಕ್ಕುಳಬಳ್ಳಿ ತುಂಡಾಗುವುದು ಸ್ವಲ್ಪ ಹೆಚ್ಚು ಕಂಡಿತು. ಮಗುವನ್ನು ನೀರಿನಿಂದ ಎತ್ತುವಾಗ ಬಳ್ಳಿ ಎಳೆತಕ್ಕೆ ಸಿಕ್ಕಿದರೆ ಹೀಗಾಗುತ್ತದೆ. ಕೂಡಲೇ ಅದನ್ನು ಹಿಡಿದು ಬಿಗಿಯದಿದ್ದರೆ ಮಗುವಿನ ರಕ್ತ ಹರಿದುಹೋಗುತ್ತದೆ.

ಇದನ್ನು ಓದಿ ‘ನೋಡಿದ್ರಾ, ಸುರಕ್ಷಿತವಂತೆ’ ಎಂದು ಫಾರ್ವರ್ಡ್ ಮಾಡುವ ಮುನ್ನ ಒಂದು ಮಾತು. ಆ ಎಲ್ಲ ಹೆರಿಗೆಗಳೂ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಡಿ, ತರಬೇತಿ ಪಡೆದ ಸೂಲಗಿತ್ತಿಯರ ಕಣ್ಣೆದುರು ಆದವು. ಬಿಪಿ ಇರುವವರು, ಅವಳಿ ಇರುವವರು, ಮಗು ಅಡ್ಡ ಇರುವವರು ಮೊದಲೇ ಹೊರಗುಳಿದಿದ್ದರು. ಅಲ್ಲಿ ಏನಾದರೂ ಏರುಪೇರು ಕಂಡರೆ ತಾಯಿಯನ್ನು ನೀರಿನಿಂದ ಎಬ್ಬಿಸುತ್ತಾರೆ. ಇಷ್ಟಾದರೂ ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2016ರಲ್ಲಿ ಕೊಟ್ಟ ಸಲಹೆ ಎಚ್ಚರಿಕೆಯದು: ಮೊದಲ ಹಂತದಲ್ಲಿ ನೀರಿನಲ್ಲಿ ಕೂರಬಹುದು, ಮಗು ಹುಟ್ಟುವುದು ಮಾತ್ರ ನೀರಿನ ಹೊರಗೇ ಆಗಲಿ.

ನೀರಿನ ಶುದ್ಧಿಯೂ ಸಣ್ಣ ವಿಷಯವಲ್ಲ. ಅಮೆರಿಕದ ಅರಿಝೋನಾದಲ್ಲಿ 2016ರಲ್ಲಿ ಮನೆಯ ತೊಟ್ಟಿಯಲ್ಲಿ ಹುಟ್ಟಿದ ಎರಡು ಶಿಶುಗಳಿಗೆ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿತ್ತು. ಬೋರ್‌ವೆಲ್ ನೀರು, ಸಿಂಟೆಕ್ಸ್ ಟ್ಯಾಂಕಿನಲ್ಲಿ ನಾಲ್ಕು ದಿನ ನಿಂತ ನೀರು, ಮಳೆಗಾಲದಲ್ಲಿ ಕೆಂಪಾಗಿ ಬರುವ ನಲ್ಲಿ ನೀರು ಇರುವ ಕಡೆ ಈ ಚಿಂತೆ ಇನ್ನೂ ದೊಡ್ಡದು. ಬಿಸಿಯೂ ಅಳತೆಯಲ್ಲಿರಬೇಕು. ಬ್ರಿಟನ್ನಿನ ಮಾರ್ಗಸೂಚಿ ತೊಟ್ಟಿಯ ನೀರು 37.5 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎನ್ನುತ್ತದೆ. ಬಾಣಂತಿಗೆ ಹಂಡೆಯಿಂದ ಎರೆಯುವ ಸುಡು ಸುಡು ನೀರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

‘ಫಾರಿನ್‌ನಲ್ಲಿ ಮನೆಯಲ್ಲೇ ಹೆರ್ತಾರಲ್ಲ?’

ಕೆಲವರು ಹೆರುತ್ತಾರೆ. ಅದರ ಫಲವನ್ನೂ ಅವರೇ ಅಳೆದು ನೋಡಿದ್ದಾರೆ. ಇಂಗ್ಲೆಂಡಿನಲ್ಲಿ 64,538 ಹೆರಿಗೆಗಳನ್ನು ಗಮನಿಸಿದ ‘ಬರ್ತ್‌ಪ್ಲೇಸ್’ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎಲ್ಲರೂ ಅಪಾಯ ಕಡಿಮೆ ಎಂದು ಗುರುತಿಸಿದ ತಾಯಂದಿರೇ.

ಹಿಂದೆ ಹೆತ್ತವರಿಗೆ ಮನೆ ಮತ್ತು ಆಸ್ಪತ್ರೆಯ ನಡುವೆ ಮಗುವಿನ ಅಪಾಯದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲ ತಾಯಂದಿರ ಲೆಕ್ಕ ಬೇರೆಯಾಯಿತು. ವೈದ್ಯರಿರುವ ಹೆರಿಗೆ ವಾರ್ಡಿನಲ್ಲಿ ಸಾವಿರಕ್ಕೆ 5.3 ಮಕ್ಕಳಿಗೆ ಗಂಭೀರ ತೊಂದರೆಯಾದರೆ, ಮನೆ ಹೆರಿಗೆ ಎಂದು ಯೋಜಿಸಿದವರಲ್ಲಿ ಸಾವಿರಕ್ಕೆ 9.3. ಇನ್ನೊಂದು ಅಂಕಿಯನ್ನು ಮರೆಯಬೇಡಿ. ಮನೆಯಲ್ಲೇ ಹೆರುತ್ತೇನೆ ಎಂದು ಶುರು ಮಾಡಿದ ಚೊಚ್ಚಲ ತಾಯಂದಿರಲ್ಲಿ ನೂರಕ್ಕೆ 45 ಮಂದಿಯನ್ನು ನಡುವೆಯೋ ಹೆರಿಗೆಯಾದ ಕೂಡಲೇಯೋ ಆಸ್ಪತ್ರೆಗೆ ಸಾಗಿಸಬೇಕಾಯಿತು.

ಅಂದರೆ ತರಬೇತಿ, ಸಲಕರಣೆ, ಆಂಬುಲೆನ್ಸ್ ಎಲ್ಲ ಸಿದ್ಧವಿರುವ ದೇಶದಲ್ಲೇ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು ಆಸ್ಪತ್ರೆ ಸೇರಿದರು. ಚೊಚ್ಚಲ ಹೆರಿಗೆ ಹೇಗೆ ಸಾಗುತ್ತದೆ ಎಂದು ಮೊದಲೇ ಹೇಳುವುದು ಯಾರಿಗೂ ಸಾಧ್ಯವಿಲ್ಲ. ಆ ದಾರಿಯಲ್ಲಿ ಆ ಮೈ ಮೊದಲ ಸಲ ಹೋಗುತ್ತಿದೆ.

ಬೆಳಗಾವಿ ಜಗತ್ತಿಗೆ ಕಲಿಸಿದ ಪಾಠ

ಮನೆ ಹೆರಿಗೆಯ ನಿಜವಾದ ಅಪಾಯ ಏನೆಂದು ತಿಳಿಯಲು ಲಂಡನ್ನಿಗೆ ಹೋಗಬೇಕಿಲ್ಲ. ಅದರ ಒಂದು ದೊಡ್ಡ ಉತ್ತರ ಸಿಕ್ಕಿದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ.

2002ರಿಂದ 2005ರವರೆಗೆ, ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಇಲ್ಲಿ ಒಂದು ಪ್ರಯೋಗ ನಡೆಸಿದರು. ಆಗ ಹಳ್ಳಿಗಳಲ್ಲಿ ಅನೇಕ ಹೆರಿಗೆಗಳು ಮನೆಯಲ್ಲೋ ಉಪಕೇಂದ್ರದಲ್ಲೋ ಆಗುತ್ತಿದ್ದವು. ಹೆರಿಗೆ ಮಾಡಿಸುತ್ತಿದ್ದವರು ಎಎನ್‌ಎಂ ಸಿಸ್ಟರ್‌ಗಳು. ಪ್ರಯೋಗದಲ್ಲಿದ್ದ 1,620 ತಾಯಂದಿರಲ್ಲಿ ಅರ್ಧದಷ್ಟು ಜನರಿಗೆ ಮಗು ಹುಟ್ಟಿದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ಉಳಿದವರಿಗೆ ಅದೇ ರೀತಿ ಕಾಣುವ, ಔಷಧವಿಲ್ಲದ ಮಾತ್ರೆ.

ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾಗಿತ್ತು. ಮಾತ್ರೆ ಸಿಕ್ಕವರಲ್ಲಿ ಅದು 6.4ಕ್ಕೆ ಇಳಿದಿತ್ತು. ತೀವ್ರ ರಕ್ತಸ್ರಾವ ನೂರಕ್ಕೆ 1.2ರಿಂದ 0.2ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನಂತರದ ರಕ್ತಸ್ರಾವ ತಡೆಗೆ ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಎಚ್ಚರಿಕೆ: ಇದನ್ನು ಮೆಡಿಕಲ್ ಶಾಪಿನಿಂದ ತಂದು ಮನೆಯಲ್ಲಿ ಕೊಡುವಂತಿಲ್ಲ. ಮಗು ಹೊಟ್ಟೆಯಲ್ಲಿರುವಾಗಲೇ ಅಳತೆ ತಪ್ಪಿ ಕೊಟ್ಟರೆ ಗರ್ಭಕೋಶ ಹರಿಯಬಹುದು.

ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದದ್ದು ಆ ಪ್ರಯೋಗಕ್ಕಾಗಿ ತಯಾರಾದ ಒಂದು ಸಾಧನ. ಅದು ತಾಯಿಯ ಕೆಳಗೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಮಿಲಿಲೀಟರ್ ಗೆರೆಗಳಿರುವ ಚೀಲ. ಹರಿದ ರಕ್ತ ಅದರಲ್ಲಿ ಸೇರುತ್ತದೆ, ಎಷ್ಟು ಹೋಯಿತೆಂದು ಕಣ್ಣಿಗೆ ಕಾಣುತ್ತದೆ. ಬರೀ ಕಣ್ಣಂದಾಜಿನಲ್ಲಿ ಹೇಳಿದ ರಕ್ತದ ಪ್ರಮಾಣ ಈ ಚೀಲದಲ್ಲಿ ಅಳೆದದ್ದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಇರುತ್ತಿತ್ತು. ಅಂದರೆ ಅನುಭವಿಗಳ ಕಣ್ಣೂ ಮೋಸ ಹೋಗುತ್ತದೆ.

ಇಂಥದ್ದೇ ಅಳತೆ ಚೀಲ, ಜೊತೆಗೆ ಕೂಡಲೇ ಚಿಕಿತ್ಸೆ ಎಂಬ ಸೂತ್ರವನ್ನು ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ತೀವ್ರ ರಕ್ತಸ್ರಾವ ಮತ್ತು ಅದರ ಘೋರ ಪರಿಣಾಮಗಳು ಶೇ 60ರಷ್ಟು ಇಳಿದವು. ಇದು 2023ರ ವರದಿ.

ಈಗ ನೀರಿನ ತೊಟ್ಟಿಯನ್ನು ನೆನೆಯಿರಿ. ರಕ್ತ ನೀರಿಗೆ ಸೇರಿದರೆ ಒಂದು ಲೋಟವೋ ಒಂದು ಲೀಟರೋ ಯಾರು ಹೇಳಬೇಕು? ಸ್ವಲ್ಪ ರಕ್ತಕ್ಕೂ ನೀರು ಕೆಂಪಾಗುತ್ತದೆ, ಬಹಳ ರಕ್ತಕ್ಕೂ ಕೆಂಪೇ. ಅದಕ್ಕೇ ಅನೇಕ ಕಡೆ ಸೂಲಗಿತ್ತಿಯರು ಮಾಸು ಬೀಳುವ ಮುನ್ನ ತಾಯಿಯನ್ನು ನೀರಿನಿಂದ ಹೊರಗೆ ಕರೆತರುತ್ತಾರೆ. ವಿಡಿಯೋ ಮಾತ್ರ ಮಗು ಅತ್ತ ಕೂಡಲೇ ಮುಗಿಯುತ್ತದೆ. ತಾಯಿಯ ಜೀವಕ್ಕೆ ಅತಿ ಅಪಾಯದ ಹೊತ್ತು ಶುರುವಾಗುವುದೇ ಆಮೇಲೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತಹೀನತೆ ಇದೆ. ಮೈಯಲ್ಲಿ ರಕ್ತವೇ ಕಡಿಮೆ ಇದ್ದವರು ಸ್ವಲ್ಪ ಕಳೆದುಕೊಂಡರೂ ಕುಸಿಯುತ್ತಾರೆ. 2018ರ ಜುಲೈನಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಒಬ್ಬ ಶಿಕ್ಷಕಿ ಮನೆ ಹೆರಿಗೆಯ ನಂತರ ಅತಿ ರಕ್ತಸ್ರಾವದಿಂದ ತೀರಿಕೊಂಡರು. ಇಂಟರ್ನೆಟ್ ವಿಡಿಯೋ ನೋಡಿ ಹೆರಿಗೆಗೆ ಮುಂದಾಗಿದ್ದರು ಎಂದು ಆಗ ವರದಿಯಾಗಿತ್ತು. ಮಗು ಉಳಿಯಿತು.

‘ನಮ್ಮಜ್ಜಿ ಹತ್ತು ಹೆತ್ತಳು, ಏನೂ ಆಗಲಿಲ್ಲ’

ಈ ಮಾತಿನಲ್ಲೂ ಸತ್ಯವಿದೆ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ಮುಟ್ಟದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅಂಥವರ ತಾಳ್ಮೆ, ಕೈಯ ಹದ, ಬ್ಯಾನಿ ತಿನ್ನುವವಳ ಪಕ್ಕ ರಾತ್ರಿಯಿಡೀ ಕೂರುವ ಪ್ರೀತಿ ಇಂದಿನ ಎಷ್ಟೋ ಹೆರಿಗೆ ಕೋಣೆಗಳಲ್ಲಿ ಸಿಗುವುದಿಲ್ಲ.

ಆದರೆ ಕಥೆ ಹೇಳಲು ಉಳಿದವರು ಬದುಕಿದ ಅಜ್ಜಿಯರು ಮಾತ್ರ. ಹೆರಿಗೆಯಲ್ಲಿ ಹೋದವರಿಗೆ ಮೊಮ್ಮಕ್ಕಳ ಮುಂದೆ ಹೇಳಿಕೊಳ್ಳುವ ಅವಕಾಶ ಸಿಗಲಿಲ್ಲ. ಹಳೆಯ ಮನೆತನಗಳಲ್ಲಿ ‘ಮೊದಲನೇ ಹೆಂಡ್ತಿ ಬಾಣಂತನದಾಗ ಹೋದ್ಲು’ ಎಂಬ ಮಾತು ಎಷ್ಟು ಸಲ ಕೇಳಿಲ್ಲ?

ಅಂಕಿಗಳೂ ಅದನ್ನೇ ಹೇಳುತ್ತವೆ. 2001–03ರಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. 2005–06ರಲ್ಲಿ ರಾಜ್ಯದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದದ್ದು ನೂರಕ್ಕೆ ಸುಮಾರು 65, 2019–21ರಲ್ಲಿ 97. ಈ ಇಳಿಕೆಗೆ ಆಸ್ಪತ್ರೆ ಹೆರಿಗೆಯೊಂದೇ ಕಾರಣವಲ್ಲ. ರಸ್ತೆ, 108 ಆಂಬುಲೆನ್ಸ್, ಆಶಾ ಕಾರ್ಯಕರ್ತೆಯರು, ಮದುವೆಯ ವಯಸ್ಸು, ಹೆಣ್ಣುಮಕ್ಕಳ ಓದು ಎಲ್ಲವೂ ಸೇರಿವೆ.

ಹಾಗಾದರೆ ಆಸ್ಪತ್ರೆ ಭಯ ಸುಳ್ಳೇ?

ಸುಳ್ಳಲ್ಲ. ಅದನ್ನು ನಗೆಯಾಡಿ ತಳ್ಳಿಹಾಕುವುದರಿಂದಲೇ ಇಂಥ ವಿಡಿಯೋಗಳು ಓಡುತ್ತವೆ.

ಮೇಲಿನ ಸಮೀಕ್ಷೆಯನ್ನೇ ನೋಡಿ. ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ 31.5 ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು, ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ಇಷ್ಟು ವ್ಯತ್ಯಾಸಕ್ಕೆ ತಾಯಂದಿರ ಮೈ ಕಾರಣ ಎನ್ನುವುದು ಕಷ್ಟ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಸುದ್ದಿ ರಾಜ್ಯದ ಪ್ರತಿ ಗರ್ಭಿಣಿಯ ಮನೆಗೂ ಮುಟ್ಟಿತು. ಇನ್ನು ಬ್ಯಾನಿ ತಿನ್ನುವವಳನ್ನು ಬೈಯುವುದು, ಜೊತೆಗೆ ಯಾರನ್ನೂ ಬಿಡದಿರುವುದು, ಅಂಗಾತ ಮಲಗಿಸಿಯೇ ಇಡುವುದು. ಇವು ಹೆಂಗಸರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವ ನೋವು.

ಆದರೆ ಈ ಸಮಸ್ಯೆಗೆ ಪರಿಹಾರ ಆಸ್ಪತ್ರೆ ಬಿಡುವುದರಲ್ಲಿಲ್ಲ, ಅಲ್ಲಿ ನಮಗೆ ಸಲ್ಲಬೇಕಾದದ್ದನ್ನು ಕೇಳುವುದರಲ್ಲಿದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ತಾಯಿಯ ಜೊತೆ ಒಬ್ಬ ಹೆಣ್ಣುಮಗಳು ಇರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಒಪ್ಪಿದೆ. ಹೆರಿಗೆ ಕೋಣೆಯ ಗುಣಮಟ್ಟ ಮತ್ತು ಗೌರವದ ಆರೈಕೆಗಾಗಿ 2017ರಲ್ಲಿ ‘ಲಕ್ಷ್ಯ’ ಕಾರ್ಯಕ್ರಮ ಬಂದಿದೆ. ಸಹಜ ಹೆರಿಗೆ ನೋಡಿಕೊಳ್ಳಲೆಂದೇ ನರ್ಸ್‌ಗಳಿಗೆ ಸೂಲಗಿತ್ತಿ ತರಬೇತಿ ಕೊಡುವ ಮಾರ್ಗಸೂಚಿ 2018ರಲ್ಲಿ ಬಂದಿದೆ. ಕಾಗದದಲ್ಲಿರುವುದು ವಾರ್ಡಿಗೆ ಬರಬೇಕಾದರೆ ಕೇಳುವವರು ಬೇಕು.

ತೊಟ್ಟಿ ಇಲ್ಲದೆಯೂ ನೀರಿನ ಲಾಭ ಪಡೆಯಬಹುದೇ?

ಪಡೆಯಬಹುದು. ವಿಡಿಯೋ ತೋರಿಸುವ ನೆಮ್ಮದಿಯ ಬಹುಪಾಲು ಖರ್ಚಿಲ್ಲದೆ ಸಿಗುತ್ತದೆ.

• ಬ್ಯಾನಿ ಶುರುವಾದ ಆರಂಭದಲ್ಲಿ, ನೀರು ಒಡೆಯದಿದ್ದರೆ, ಬಚ್ಚಲಲ್ಲಿ ಸ್ಟೂಲ್ ಮೇಲೆ ಕೂತು ಸೊಂಟಕ್ಕೆ ಉಗುರುಬೆಚ್ಚಗಿನ ನೀರು ಹಾಕಿಸಿಕೊಳ್ಳಿ. ಒಬ್ಬರೇ ಬಾಗಿಲು ಹಾಕಿಕೊಳ್ಳಬೇಡಿ.
• ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸೊಂಟಕ್ಕೆ ಇಡಿಸಿಕೊಳ್ಳಿ. ಬ್ಯಾನಿ ಬಂದಾಗ ಅಂಗೈಯಿಂದ ಸೊಂಟ ಒತ್ತಿ ಹಿಡಿಯಲು ಅವ್ವನಿಗೋ ಅಕ್ಕನಿಗೋ ಹೇಳಿ. ಮಸಾಜ್ ಮತ್ತು ಬಿಸಿ ಶಾಖವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುತ್ತದೆ.
• ಓಡಾಡಿ, ಗೋಡೆ ಹಿಡಿದು ನಿಲ್ಲಿ, ಮಂಡಿಯೂರಿ, ಎಡಮಗ್ಗುಲಿಗೆ ಮಲಗಿ. ಅಂಗಾತ ಮಲಗಲೇಬೇಕೆಂಬ ನಿಯಮವಿಲ್ಲ.
• ಆಗಾಗ ನೀರು, ಗಂಜಿ, ಎಳನೀರು ಗುಟುಕರಿಸಿ. ಆಸ್ಪತ್ರೆಯಲ್ಲಿ ಬೇಡವೆಂದರೆ ಕಾರಣ ಕೇಳಿ.
• ಎಲ್ಲರಿಗೂ ಕೆಳಗೆ ಕೊಯ್ದು ಹೊಲಿಗೆ ಹಾಕುವುದು ಅಗತ್ಯವಿಲ್ಲ. ‘ನನಗೆ ಯಾಕೆ ಬೇಕು?’ ಎಂದು ಕೇಳುವ ಹಕ್ಕು ನಿಮಗಿದೆ.

ದಿಗ್ಗೇವಾಡಿಯಿಂದ ಹೊರಡುವ ಲೆಕ್ಕ

ಸುರಕ್ಷಿತ ಹೆರಿಗೆ ಎಂದರೆ ಬಹುಮಟ್ಟಿಗೆ ನಿಮಿಷಗಳ ಲೆಕ್ಕ. ಹತ್ತರಲ್ಲಿ ಒಂದು ಕೂಸಿಗೆ ಉಸಿರಾಡಲು ಮೊದಲ ನಿಮಿಷದಲ್ಲೇ ಸ್ವಲ್ಪ ನೆರವು ಬೇಕಾಗುತ್ತದೆ. ಅದು ಪಕ್ಕದಲ್ಲಿರುವವರು ಮಾಡಬೇಕಾದ ಕೆಲಸ, ಫೋನ್ ಹಚ್ಚಿ ಕರೆಯುವಷ್ಟು ಹೊತ್ತಿರುವುದಿಲ್ಲ. ತಾಯಿಯ ರಕ್ತಸ್ರಾವಕ್ಕೆ ಸಿಗುವುದು ಕೆಲವೇ ಗಂಟೆ.

ಕೃಷ್ಣಾ ಬಯಲಿನ ಊರುಗಳಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆಯಲಾಗದು. ಮಹಾರಾಷ್ಟ್ರದಲ್ಲಿ ಮಳೆ ಹೊಯ್ದರೆ ಇಲ್ಲಿ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್ ಪ್ರವಾಹವನ್ನು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದವರು ಮರೆತಿಲ್ಲ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ರಸ್ತೆಗೆ ಅಡ್ಡ ಸಿಕ್ಕರೆ ಇಪ್ಪತ್ತು ನಿಮಿಷದ ದಾರಿ ಒಂದು ತಾಸು. ದೊಡ್ಡ ತೊಂದರೆಯಾದರೆ ಬೆಳಗಾವಿಗೋ ಗಡಿಯಾಚೆಯ ಮಿರಜಕ್ಕೋ ಹೋಗಬೇಕು. ಅದಕ್ಕೇ ಒಂಬತ್ತನೇ ತಿಂಗಳಲ್ಲೇ ಈ ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಲಿ:

• ಹೆರಿಗೆ ಎಲ್ಲಿ? ಅಲ್ಲಿ ರಾತ್ರಿಯೂ ಸಿಸೇರಿಯನ್ ಆಗುತ್ತದೆಯೇ, ರಕ್ತ ಸಿಗುತ್ತದೆಯೇ? ಇಲ್ಲದಿದ್ದರೆ ಮುಂದೆ ಎಲ್ಲಿಗೆ?
• 108 ಬರುವುದು ತಡವಾದರೆ ಯಾರ ಗಾಡಿ? ಡ್ರೈವರ್ ನಂಬರ್ ಯಾರ ಫೋನಿನಲ್ಲಿದೆ?
• ತಾಯಿಯ ರಕ್ತದ ಗುಂಪು ಯಾವುದು? ಹಿಮೋಗ್ಲೋಬಿನ್ ಎಷ್ಟು? ತಾಯಿ ಕಾರ್ಡ್ ಎಲ್ಲಿದೆ?
• ಜೊತೆಗೆ ಹೆರಿಗೆ ಕೋಣೆಯಲ್ಲಿ ಯಾರು ಇರುತ್ತಾರೆ?
• ಮಳೆಗಾಲವಾದರೆ, ದಿನ ಹತ್ತಿರವಾದಾಗ ಹೊಳೆಯ ಈಚೆ ದಡದ ಬಂಧುಗಳ ಮನೆಗೆ ಮೊದಲೇ ಹೋಗಬಹುದೇ?

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಹೋಗಿಬರುವ ವಾಹನ ಎಲ್ಲವೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಬಾಣಂತಿ ಮತ್ತು ಕೂಸನ್ನು ಮನೆಗೆ ಬಿಡಲು ‘ನಗು–ಮಗು’ ವಾಹನವಿದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರ ಉಚಿತ ತಪಾಸಣೆ ಇರುತ್ತದೆ. ಸಂದೇಹವಿದ್ದರೆ ಊರಿನ ಆಶಾ ಅಕ್ಕನನ್ನು ಕೇಳಿ, ಇಲ್ಲವೇ 104ಕ್ಕೆ ಕರೆ ಮಾಡಿ.

ಐದು ನಿಮಿಷಕ್ಕೊಮ್ಮೆ, ಸುಮಾರು ಒಂದು ನಿಮಿಷ ಹಿಡಿಯುವ ಬ್ಯಾನಿ ಒಂದು ತಾಸಿನಿಂದ ಬರುತ್ತಿದ್ದರೆ ಹೊರಡುವ ಹೊತ್ತಾಯಿತು. ಆಸ್ಪತ್ರೆ ದೂರವಿದ್ದರೆ ಅದಕ್ಕೂ ಮೊದಲೇ ಹೊರಡಿ. ನೀರು ಒಡೆದರೆ, ಅದು ಹಸಿರಾಗಿದ್ದರೆ, ರಕ್ತ ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತೀವ್ರ ತಲೆನೋವು ಬಂದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, 37 ವಾರಕ್ಕೆ ಮುಂಚೆಯೇ ಬ್ಯಾನಿ ಬಂದರೆ ಯಾವುದಕ್ಕೂ ಕಾಯಬೇಡಿ.

ಫಾರ್ವರ್ಡ್ ಒತ್ತುವ ಮುನ್ನ

ನೀರಿನ ಹೆರಿಗೆಯ ವಿಡಿಯೋ ಬಂದರೆ ಮೂರು ಪ್ರಶ್ನೆ ಕೇಳಿ. ಆ ತೊಟ್ಟಿಯ ಪಕ್ಕ, ಕ್ಯಾಮೆರಾ ಕಾಣದ ಕಡೆ ಯಾರಿದ್ದಾರೆ? ಆಕೆಗೆ ಇದು ಎಷ್ಟನೇ ಹೆರಿಗೆ? ಅಲ್ಲಿಂದ ಆಪರೇಷನ್ ಥಿಯೇಟರ್ ಎಷ್ಟು ನಿಮಿಷ ದೂರ? ಉತ್ತರ ಇಲ್ಲದಿದ್ದರೆ ಅದನ್ನು ಚೊಚ್ಚಲ ಗರ್ಭಿಣಿಗೆ ಕಳಿಸಬೇಡಿ.

ಅವಳು ಆ ವಿಡಿಯೋದಲ್ಲಿ ನೋಡಿದ್ದು ಬರೀ ನೀರನ್ನಲ್ಲ. ಬೈಯದ ಜನರನ್ನು, ಕೈ ಹಿಡಿದ ಗಂಡನನ್ನು, ಅವಸರವಿಲ್ಲದ ಕೋಣೆಯನ್ನು ನೋಡಿದ್ದಾಳೆ. ಅವಳು ಬಯಸಿದ್ದು ತಪ್ಪಲ್ಲ. ಅವಳ ಜೊತೆ ಆಸ್ಪತ್ರೆಯೊಳಗೆ ಹೋಗುವ ಅವ್ವನೋ ಅಕ್ಕನೋ ಮೊದಲೇ ಸಿದ್ಧವಾಗಿದ್ದರೆ, ಗಾಡಿ ಗೊತ್ತಾಗಿದ್ದರೆ, ಸೊಂಟಕ್ಕೆ ಶಾಖ ಕೊಡಲು ಒಂದು ಬಟ್ಟೆ ಚೀಲದಲ್ಲಿದ್ದರೆ ಅದರಲ್ಲಿ ಬಹಳಷ್ಟು ಅವಳಿಗೂ ಸಿಗುತ್ತದೆ. ಕಳಿಸುವುದಾದರೆ ಮೇಲಿನ ಪ್ರಶ್ನೆಗಳ ಪಟ್ಟಿಯನ್ನು ಕಳಿಸಿ, ಉತ್ತರ ಹುಡುಕಲು ಅವಳ ಜೊತೆ ಕುಳಿತುಕೊಳ್ಳಿ.